ಡಬ್ಬಿಯಲ್ಲಿ ಪ್ಯಾಕೆಟ್ ತಿಂಡಿ ಬೇಡ ಎಂದಿದ್ದರ ಬಗ್ಗೆ ಪೋಷಕರಿಗೆ ಪತ್ರ

ಕೋಲಾರ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ವಾರದಿಂದ ಆಫೀಸಿನ ಫೋನಿಗೆ ಬಿಡುವೇ ಇಲ್ಲ. ಪ್ಯಾಕೆಟ್ ತಿಂಡಿ ತರಬಾರದು ಎಂದು ಡೈರಿಯಲ್ಲಿ ಬರೆಸಿದ್ದು ಕೆಲವರಿಗೆ ಬೇಸರ ತಂದಿದೆ. ಬಿಸ್ಕತ್ ಪ್ಯಾಕೆಟ್ ಕಿತ್ತುಕೊಂಡು ಮಗುವನ್ನು ಉಪವಾಸ ಕೂರಿಸಿದರು ಎಂದು ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆಯಲ್ಲ, ಅದು ಹಾಗಲ್ಲ. ಟೀಚರ್ ಪ್ಯಾಕೆಟ್ ಎತ್ತಿಟ್ಟು ಸಂಜೆ ಬ್ಯಾಗಿಗೇ ಹಾಕಿ ಕಳಿಸಿದ್ದಾರೆ. ಮಧ್ಯಾಹ್ನ ಮಗು ಅವರ ಡಬ್ಬಿಯ ಚಿತ್ರಾನ್ನ ತಿಂದಿದೆ, ಅದೂ ಕಡ್ಲೆಬೀಜ ಆರಿಸಿ ಆರಿಸಿ.

ಇನ್ನೊಂದು ದೂರು ಎಂಟನೇ ಕ್ಲಾಸಿನ ಪಾಠದ್ದು. "ಹೊಟ್ಟೆಯಲ್ಲಿ ಹುಳ ಇದ್ದಾವೆ, ಅವಕ್ಕೆ ಊಟ ಹಾಕ್ಬೇಕು ಅಂದ್ರು ಮಿಸ್ಸು" ಎಂದು ಮಕ್ಕಳು ಮನೆಯಲ್ಲಿ ಹೇಳಿದರಂತೆ. ಹುಳ ಅಲ್ಲ. ಜಂತುಹುಳುವಿಗೆ ಶಾಲೆಯಲ್ಲೇ ಮಾತ್ರೆ ಕೊಡುತ್ತೇವೆ, ಅದು ಹೋಗಲೇಬೇಕು. ಮಿಸ್ ಹೇಳಿದ್ದು ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಬಗ್ಗೆ. ಅವುಗಳಲ್ಲಿ ಲ್ಯಾಕ್ನೋಸ್ಪೈರೇಸೀ ಅಂತ ಒಂದು ದೊಡ್ಡ ಕುಟುಂಬ. ಹೆಸರು ಹೇಳಲು ನಾಲಿಗೆ ತೊಡರುತ್ತದೆ. ಪರೀಕ್ಷೆಗೆ ಬರಲ್ಲ, ಹೆದರಬೇಡಿ. ಈ ಕುಟುಂಬಕ್ಕೆ ಹೆಸರು ಕೊಟ್ಟ ಬ್ಯಾಕ್ಟೀರಿಯಾ ಸಿಕ್ಕಿದ್ದು ಹಸುವಿನ ಹೊಟ್ಟೆಯಲ್ಲಿ. ಅದನ್ನು 1956ರಲ್ಲಿ ವಿಜ್ಞಾನಿಗಳು ವಿವರಿಸಿದರು. ಹಸು ಒಣಹುಲ್ಲು ಅರಗಿಸಿಕೊಳ್ಳುವುದು ಇಂಥ ಜೀವಿಗಳು ಇರುವುದರಿಂದಲೇ. ಡೈರಿಗೆ ಹಾಲು ಹಾಕುವ ನಿಮಗೆ ನಾನು ಹಸುವಿನ ವಿಷಯ ಹೇಳಬೇಕಾಗಿಲ್ಲ.

ನಮ್ಮೊಳಗೂ ಅವು ಮಾಡುವುದು ಅಂಥದ್ದೇ ಕೆಲಸ. ಕಾಳು, ಸೊಪ್ಪು, ರಾಗಿಯಲ್ಲಿರುವ ನಾರನ್ನು ನಮ್ಮ ದೇಹ ತಾನಾಗಿ ಅರಗಿಸಲಾರದು. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಈ ಕುಟುಂಬದ ರೋಸ್‌ಬ್ಯೂರಿಯಾದಂಥ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಪದಾರ್ಥ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ. 70 ಬರುವುದು ಅದರಿಂದ. ಆ ಪದರ ಗಟ್ಟಿಯಾಗಿರುವುದಕ್ಕೂ ಉರಿಯೂತ ಹದ್ದುಬಸ್ತಿನಲ್ಲಿರುವುದಕ್ಕೂ ಅದು ಬೇಕು. ಕರುಳಿನ ಉರಿಯೂತದ ಕಾಯಿಲೆ ಇರುವವರಲ್ಲಿ ಈ ಕುಟುಂಬ ಕಮ್ಮಿಯಾಗಿರುವುದು ಕಂಡುಬಂದಿದೆ. ಹಾಗಂತ ಈ ಕುಟುಂಬದ ಬ್ಯಾಕ್ಟೀರಿಯಾ ಎಲ್ಲ ಸಾಧುಗಳೂ ಅಲ್ಲ. ಕೆಲವು ಬಗೆಗಳು ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ ಕಂಡಿವೆ. ರಾಗಿ ತಿಂದರೆ ಯಾವ ಕಾಯಿಲೆಯೂ ಬರಲ್ಲ ಎಂದು ಶಾಲೆ ಎಲ್ಲೂ ಹೇಳಿಲ್ಲ.

"ದಿನಾ ಮೊಸರನ್ನ ಕಳಿಸ್ತೀವಲ್ಲ ಮೇಡಂ, ಸಾಲದಾ?" ಎಂದು ಒಬ್ಬ ತಂದೆ ಕೇಳಿದರು. ಮೊಸರು ಒಳ್ಳೆಯದೇ, ಕಳಿಸಿ. ಆದರೆ ಮೊಸರಿನ ಬ್ಯಾಕ್ಟೀರಿಯಾದ ಮನೆತನ ಬೇರೆ. ನಾನು ಹೇಳುತ್ತಿರುವ ಕರುಳಿನ ಬ್ಯಾಕ್ಟೀರಿಯಾ ಗಾಳಿಯಿದ್ದ ಕಡೆ ಬೆಳೆಯುವುದಿಲ್ಲ, ಮೊಸರಿನಲ್ಲಿ ಸಿಗುವುದಿಲ್ಲ. ಒಳಗಿರುವವನ್ನೇ ನಾರು ಕೊಟ್ಟು ಸಾಕಬೇಕು. ಮೇವು ಹಾಕದೆ ಕರೆಯಲು ಕೂತರೆ ಹಸು ಒದೆಯುತ್ತೆ, ಅಲ್ವಾ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ.

ಬೆಳಿಗ್ಗೆ ಹೊತ್ತು ಎಲ್ಲಿದೆ ಎನ್ನುತ್ತೀರಿ. ಗೊತ್ತು. ನರಸಾಪುರದ ಕಂಪನಿ ಬಸ್ಸಿಗೆ ಕತ್ತಲಲ್ಲೇ ಓಡುವ ತಾಯಂದಿರು ನಮ್ಮಲ್ಲಿ ಬಹಳ ಜನ. ಯಾರಿಗೂ ಮುದ್ದೆ ಕಟ್ಟಿ ಕಳಿಸಿ ಎಂದಿಲ್ಲ. "ಫೀಸು ಕಟ್ಟಿ ಸೇರಿಸಿದ್ದು ಮುದ್ದೆ ತಿನ್ನಿಸೋಕಾ?" ಎಂದವರಿಗೂ ಇದೇ ಉತ್ತರ. ರಾತ್ರಿ ನೆನೆಹಾಕಿದ ಹೆಸರುಕಾಳಿನ ಉಸಲಿ ಆಗುತ್ತೆ. ಸೊಪ್ಪಿನ ಪಲ್ಯದ ಜೊತೆ ಎರಡು ಚಪಾತಿ ಆಗುತ್ತೆ. ಅವರೆಕಾಯಿ ಕಾಲದಲ್ಲಿ ಅವರೆಕಾಳು ಉಪ್ಪಿಟ್ಟು ಮಾಡಿದರೆ ಡಬ್ಬಿ ಖಾಲಿ ಮಾಡಿಕೊಂಡೇ ಬರುತ್ತಾರೆ. ಏನೂ ಆಗದ ದಿನ ಹುರಿಗಡಲೆ, ಬೆಲ್ಲ. ಬರೀ ಅನ್ನ ಸಾರು ತಂದರೂ ಮಗುವನ್ನು ಯಾರೂ ಒಂದು ಮಾತು ಅನ್ನುವುದಿಲ್ಲ.

ಆದರೆ ಪ್ಯಾಕೆಟ್ ಬೇಡ. ಚಿಪ್ಸ್ ಬೇಡ, ಕ್ರೀಂ ಬಿಸ್ಕತ್ ಬೇಡ, ಹಸಿ ನೂಡಲ್ಸನ್ನು ಪ್ಯಾಕೆಟ್ಟಲ್ಲೇ ಪುಡಿ ಮಾಡಿ ಮಸಾಲೆ ಉದುರಿಸಿ ತಿನ್ನುವುದೂ ಬೇಡ. ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಗೇಟಿನ ಹೊರಗೆ ಬೇಡ ಎಂದಿದ್ದು ಬ್ಯಾಗಿನಲ್ಲಿ ಒಳಗೆ ಬಂದರೆ ನಾವು ಸುಮ್ನೆ ಇರೋಕಾಗುತ್ತಾ? ಮನೆಯಲ್ಲಿ ಕೊಡುವುದು ಬಿಡುವುದು ನಿಮ್ಮಿಷ್ಟ, ಅಲ್ಲಿಗೆ ನಾವು ಬರುವುದಿಲ್ಲ. ಹುಟ್ಟುಹಬ್ಬದ ಚಾಕೊಲೇಟಿಗೂ ಅಡ್ಡಿಯಿಲ್ಲ.

ಸೋಮವಾರದಿಂದ ಡಬ್ಬಿಯ ಜೊತೆ ಪ್ಯಾಕೆಟ್ ತಿಂಡಿ ಕಳಿಸಬೇಡಿ.

ಕಾಳು, ಸೊಪ್ಪು ರೂಢಿಯಿಲ್ಲದ ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಒಂದೇ ಸಲ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ. ಡಾಕ್ಟರು ಬೇರೆ ಪಥ್ಯ ಹೇಳಿದ್ದರೆ ಅವರ ಚೀಟಿಯನ್ನು ಡೈರಿಯಲ್ಲಿಟ್ಟು ಕಳಿಸಿ, ಆ ಮಗುವಿಗೆ ಈ ನಿಯಮ ಇಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ