ಲೊಕೇಶನ್ ಆಫ್ ಮಾಡುವುದೊಂದೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಬ್ಯಾಟರಿ ಬೇಗ ಇಳಿಯುತ್ತಿದೆ ಎಂದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಿಗೆ ಹೋದವರಿಗೆ ಮೊದಲು ಸಿಗುವ ಚಿಕಿತ್ಸೆ ಸಾಮಾನ್ಯವಾಗಿ ಒಂದೇ. ಅಂಗಡಿಯ ಹುಡುಗ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಲೊಕೇಶನ್ ಗುರುತನ್ನು ಒತ್ತಿ ಆರಿಸಿ, 'ಇದು ಚಾಲೂ ಇಡಬ್ಯಾಡ್ರಿ, ಇದೇ ಚಾರ್ಜ್ ತಿಂತದ' ಎಂದು ಫೋನನ್ನು ಕೈಗಿಡುತ್ತಾನೆ. ಒಂದೊಂದು ಆ್ಯಪ್ ತೆರೆದು ನೋಡಿಕೊಡುವಷ್ಟು ಪುರಸೊತ್ತು ಅಂಗಡಿಯವರಿಗೂ ಇರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಅರೆಬರೆ ಸಲಹೆ ಊರೂರಿಗೆ ಹಬ್ಬಿ, ಬ್ಯಾಟರಿಗೆ ಆಗುವ ಲಾಭಕ್ಕಿಂತ ಜನರಿಗೆ ಆಗುವ ತೊಂದರೆಯೇ ಹೆಚ್ಚಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಫೋನಿಗೆ ತಾನಿರುವ ಜಾಗ ತಿಳಿಯಲು ನೆರವಾಗುವ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಫೋನ್ ಅವುಗಳಿಗೆ ಏನನ್ನೂ ಕಳುಹಿಸುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳಿಂದ ಬರುವ ಬಹು ಕ್ಷೀಣವಾದ ಸಂಕೇತಗಳನ್ನು ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಈ ಲೆಕ್ಕಾಚಾರ ಎಡೆಬಿಡದೆ ನಡೆದರೆ ಬ್ಯಾಟರಿ ಖರ್ಚಾಗುವುದು ನಿಜ. ಆದರೆ ಲೊಕೇಶನ್ ಚಾಲೂ ಇದ್ದ ಮಾತ್ರಕ್ಕೆ ಜಿಪಿಎಸ್ ಸದಾ ದುಡಿಯುತ್ತಿರುವುದಿಲ್ಲ. ಯಾವುದಾದರೂ ಆ್ಯಪ್ ಜಾಗ ಕೇಳಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ, ಮತ್ತು ಎಷ್ಟೋ ಸಲ ಅದೂ ಬೇಕಾಗದೆ, ಮೊಬೈಲ್ ಟವರ್ ಹಾಗೂ ವೈಫೈ ಆಧಾರದ ಮೇಲೆ ಫೋನ್ ಕಡಿಮೆ ಖರ್ಚಿನಲ್ಲೇ ಅಂದಾಜು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಆದ್ದರಿಂದ ವಿಚಾರಿಸಬೇಕಾದದ್ದು ಯಾವ ಆ್ಯಪ್ ಎಷ್ಟು ಸಲ ಕೇಳುತ್ತಿದೆ ಎಂಬುದನ್ನು.

ಇದನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಫೋನಿನಲ್ಲೇ ಇದೆ. ಸೆಟ್ಟಿಂಗ್ಸ್‌ನ ಲೊಕೇಶನ್ ವಿಭಾಗದಲ್ಲಿ ಆ್ಯಪ್ ಅನುಮತಿಗಳನ್ನು ತೆರೆದರೆ, ಸದಾ ಅನುಮತಿ ಪಡೆದವು, ಬಳಸುವಾಗ ಮಾತ್ರ ಪಡೆದವು, ಪ್ರತಿ ಸಲವೂ ಕೇಳಬೇಕಾದವು, ಅನುಮತಿಯೇ ಇಲ್ಲದವು ಎಂದು ಬೇರೆ ಬೇರೆ ಪಟ್ಟಿಗಳು ಕಾಣುತ್ತವೆ. 'ಬಳಸುವಾಗ ಮಾತ್ರ' ಎಂಬ ಆಯ್ಕೆ ಆಂಡ್ರಾಯ್ಡ್‌ಗೆ 2019ರಲ್ಲಿ, ಅದರ 10ನೇ ಆವೃತ್ತಿಯೊಂದಿಗೆ ಬಂತು. ಐಫೋನ್‌ನಲ್ಲಿ ಅದಕ್ಕೂ ಮೊದಲೇ ಇತ್ತು. ಸದಾ ಅನುಮತಿ ಪಡೆದವರ ಪಟ್ಟಿಯಲ್ಲಿ ಸಾಮಾನು ಮಾರುವ ಆ್ಯಪ್, ಆಟದ ಆ್ಯಪ್, ಟಾರ್ಚ್ ಆ್ಯಪ್‌ಗಳೇ ಕುಳಿತಿದ್ದರೆ ಅವನ್ನು ಅಲ್ಲಿಂದ ಎಬ್ಬಿಸಿದರಾಯಿತು. ಟಾರ್ಚ್ ಹೊತ್ತಿಸಲು ನಾವು ಆಳಂದದಲ್ಲಿದ್ದೇವೋ ಅಫಜಲಪುರದಲ್ಲಿದ್ದೇವೋ ಎಂದು ಅದಕ್ಕೆ ತಿಳಿಯಬೇಕಾದ ಅಗತ್ಯವೇನು?

ಆ ಪಟ್ಟಿಯಲ್ಲಿನ ಒಂದೊಂದು ಆ್ಯಪ್ ಒತ್ತಿದರೆ ತೆರೆಯುವ ಪುಟದಲ್ಲಿ 'ನಿಖರ ಸ್ಥಳ' ಎಂಬ ಇನ್ನೊಂದು ಗುಂಡಿ ಇದೆ. ಅದನ್ನು ಆಫ್ ಮಾಡಿದರೆ ಆಂಡ್ರಾಯ್ಡ್ ಫೋನ್ ಆ ಆ್ಯಪ್‌ಗೆ ಸುಮಾರು 3 ಚದರ ಕಿ.ಮೀ. ವ್ಯಾಪ್ತಿಯ ಅಂದಾಜು ಜಾಗವನ್ನಷ್ಟೇ ತಿಳಿಸುತ್ತದೆ. ಹವಾಮಾನ ನೋಡಲು ಅಷ್ಟು ಸಾಕು. ಆದರೆ ನಿಂತ ನೆಲದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ಗೆ ಅದು ಏನೇನೂ ಸಾಲದು.

ನಮ್ಮ ಭಾಗದ ರೈತರಿಗೆ ತೊಡಕಾಗುವುದು ಇಲ್ಲಿಯೇ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತೊಗರಿ ಹೊಲದೊಳಗೆ ನಿಂತೇ ಫೋಟೊ ತೆಗೆಯಬೇಕು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಆ ದಾಖಲೆ ಬೇಕಾಗುತ್ತದೆ. ಲೊಕೇಶನ್ ಆರಿದ್ದರೆ ಕೆಲಸ ಮುಂದೆ ಸಾಗುವುದಿಲ್ಲ, 'ನಿಖರ ಸ್ಥಳ' ಆರಿದ್ದರೆ ರೈತ ತನ್ನ ಹೊಲದ ನಟ್ಟನಡುವೆ ನಿಂತಿದ್ದರೂ ಫೋನಿನ ಲೆಕ್ಕದಲ್ಲಿ ಬೇರೆಲ್ಲೋ ಇರುತ್ತಾನೆ. ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಬದುವಿನ ಬೇವಿನ ಮರದ ಕೆಳಗೆ ಹೋಗಿ ನಿಂತರೆ ದಟ್ಟ ಎಲೆಗಳು ಉಪಗ್ರಹದ ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತವೆ. ನೆಟ್‌ವರ್ಕ್ ಇಲ್ಲದ ಹೊಲವಾದರೆ ಉಪಗ್ರಹಗಳ ಕಕ್ಷೆಯ ವಿವರವನ್ನು ಅವುಗಳಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕಾಗುವುದರಿಂದ ಮೊದಲ ಸಲ ಜಾಗ ಸಿಗಲು ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಬಯಲಲ್ಲಿ ಸ್ವಲ್ಪ ಹೊತ್ತು ಕಾದು ನಿಂತರೆ ಮುಗಿಯುವ ಕೆಲಸಕ್ಕೆ ಆ್ಯಪ್ ಕೆಟ್ಟಿದೆ ಎಂದು ಬೈದುಕೊಂಡು ಮನೆಗೆ ಮರಳುವವರಿದ್ದಾರೆ. ಉದ್ಯೋಗ ಖಾತ್ರಿ ಕೆಲಸದ ಸ್ಥಳದಲ್ಲಿ ಮೊಬೈಲ್ ಹಾಜರಾತಿ ಹಾಕುವ ಕಾಯಕ ಬಂಧುಗಳ ಫೋನಿನಲ್ಲೂ ಲೊಕೇಶನ್ ಆರಿದ್ದರೆ ಇದೇ ಗೋಳು.

ಇನ್ನು ಬ್ಯಾಟರಿಯ ನಿಜವಾದ ವೈರಿಗಳು ಬೇರೆ ಇವೆ. ನೆಟ್‌ವರ್ಕ್ ಕ್ಷೀಣವಾಗಿರುವ ಕಡೆ ಟವರ್ ತಲುಪಲು ಫೋನ್ ಹೆಚ್ಚು ಶಕ್ತಿ ವ್ಯಯಿಸುತ್ತದೆ. ಐಫೋನ್ ತಯಾರಕರು ಬಳಕೆಗೆ ಸೂಚಿಸಿರುವ ಸುತ್ತಲಿನ ತಾಪಮಾನ 0ರಿಂದ 35 ಡಿಗ್ರಿ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳಿನಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿ, ನಡುಮಧ್ಯಾಹ್ನ ಮ್ಯಾಪ್ ನೋಡುತ್ತಾ ಹೋಗುವವರ ಬ್ಯಾಟರಿಯನ್ನು ಜಿಪಿಎಸ್‌ಗಿಂತ ಆ ಬೆಳಕೂ ಬಿಸಿಲೂ ಹೆಚ್ಚು ಹಾಳುಮಾಡುತ್ತವೆ. ಲೊಕೇಶನ್ ವಿಭಾಗದಲ್ಲೇ ಏನನ್ನಾದರೂ ಆಫ್ ಮಾಡಬೇಕೆನಿಸಿದರೆ ವೈಫೈ ಸ್ಕ್ಯಾನಿಂಗ್ ಮತ್ತು ಬ್ಲೂಟೂತ್ ಸ್ಕ್ಯಾನಿಂಗ್ ಇವೆ. ವೈಫೈ, ಬ್ಲೂಟೂತ್ ಆರಿದ್ದಾಗಲೂ ಇವು ಸುತ್ತಲನ್ನು ಹುಡುಕುತ್ತಿರುತ್ತವೆ. ಉಳಿತಾಯ ದೊಡ್ಡದೇನಲ್ಲ, ಮನೆಯೊಳಗೆ ಜಾಗದ ನಿಖರತೆ ಕೊಂಚ ತಗ್ಗುತ್ತದೆ, ಅಷ್ಟೆ.

ಶರಣಬಸವೇಶ್ವರ ಜಾತ್ರೆಯಂಥ ಗದ್ದಲದಲ್ಲಿ ಫೋನ್ ಕಳೆದುಹೋದಾಗ ಅದು ಈಗ ಎಲ್ಲಿದೆ ಎಂದು ಇನ್ನೊಂದು ಫೋನಿನಿಂದ ನೋಡಲು ಸಾಧ್ಯವಾಗಬೇಕಾದರೂ ಕಳೆದ ಫೋನಿನಲ್ಲಿ ಸಾಮಾನ್ಯವಾಗಿ ಲೊಕೇಶನ್ ಚಾಲೂ ಇರಬೇಕು. ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಫೋನನ್ನು ಬ್ಲಾಕ್ ಮಾಡಿಸಬಹುದು, ಆದರೆ ಅದು ಮಾಲೀಕರಿಗೆ ನಕ್ಷೆ ತೆರೆದು ಜಾಗ ತೋರಿಸುವುದಿಲ್ಲ.

ಕೃಷಿ ಇಲಾಖೆಯವರು ಮುಂಗಾರಿನ ಸಮೀಕ್ಷೆ ಆರಂಭವಾಗುವ ಮೊದಲು ರೈತ ಸಂಪರ್ಕ ಕೇಂದ್ರಗಳ ಗೋಡೆಗೆ, ಯಾವ ಅನುಮತಿ ಕೊಡಬೇಕು, 'ನಿಖರ ಸ್ಥಳ' ಎಲ್ಲಿದೆ, ಹೊಲದಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಪರದೆಯ ಚಿತ್ರಗಳ ಸಮೇತ ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಟಿಸಲಿ. ಉದ್ಯೋಗ ಖಾತ್ರಿ ಸಿಬ್ಬಂದಿಯ ತರಬೇತಿಯಲ್ಲೂ ಇದಕ್ಕೆ ಸ್ವಲ್ಪ ಸಮಯ ಮೀಸಲಿಡಲಿ. ತಮ್ಮ ಪತ್ರಿಕೆಯೂ ಕೃಷಿ ಪುಟದಲ್ಲಿ ಇಂಥದೊಂದು ಸಚಿತ್ರ ವಿವರಣೆಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

— ಒಬ್ಬ ಓದುಗ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ