ಬೈಪಾಸ್‌ಗೆ ದಿನ ಗೊತ್ತಾದಾಗಲೇ ಉಸಿರಾಟದ ಪಾಠವೂ ಆಗಲಿ

ಮಾನ್ಯ ಸಂಪಾದಕರೇ,

ಬೈಪಾಸ್ ಶಸ್ತ್ರಚಿಕಿತ್ಸೆ ಆದವರನ್ನು ನೋಡಲು ಬಂದವರೆಲ್ಲ ಹೃದಯ ಹೇಗಿದೆ ಎಂದೇ ಕೇಳುತ್ತಾರೆ. ಮೊದಲ ವಾರ ರೋಗಿಯನ್ನು ಹೆಚ್ಚು ಸತಾಯಿಸುವುದು ಅನೇಕ ಬಾರಿ ಶ್ವಾಸಕೋಶ. ಆದರೂ ಉಸಿರಾಟದ ವ್ಯಾಯಾಮವನ್ನು ಹೇಳಿಕೊಡುವುದು ಆಪರೇಷನ್ ಮುಗಿದ ಮೇಲೆ, ಎದೆ ನೋಯುತ್ತಿರುವಾಗ, ಮಂಪರು ಇನ್ನೂ ಇಳಿಯದಿರುವಾಗ. ಈ ಕ್ರಮ ಬದಲಾಗಬೇಕು.

ಅರಿವಳಿಕೆಯಲ್ಲಿ ಶ್ವಾಸಕೋಶ ಕುಗ್ಗುತ್ತದೆ. ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ಬಳಸಿದರೆ ಅದು ಓಡುವಷ್ಟು ಹೊತ್ತೂ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಗಾಳಿ ಹೋಗುವುದಿಲ್ಲ. ಕೆಳಭಾಗದ ಗಾಳಿಚೀಲಗಳು, ಅದರಲ್ಲೂ ಎಡಗಡೆಯವು, ಮುಚ್ಚಿಕೊಳ್ಳುತ್ತವೆ. ಬೈಪಾಸ್‌ಗೆ ಜೋಡಿಸಲು ಎದೆಗೋಡೆಯ ಒಳಗಿನ ರಕ್ತನಾಳವನ್ನು ಬಿಡಿಸಿಕೊಳ್ಳುವಾಗ ಎಡ ಶ್ವಾಸಕೋಶದ ಪೊರೆ ತೆರೆದುಕೊಂಡರೆ ಅಲ್ಲಿ ನೀರು ಸೇರುವುದುಂಟು. ಹೃದಯದ ಪಕ್ಕದಲ್ಲೇ ಸಾಗುವ ಫ್ರೆನಿಕ್ ನರಕ್ಕೆ ಪೆಟ್ಟಾದರೆ, ಇಲ್ಲವೇ ಹೃದಯ ತಂಪಾಗಿಸಲು ಹಾಕಿದ ಮಂಜುಗಡ್ಡೆಯ ಶೀತ ತಗುಲಿದರೆ, ಆ ಕಡೆಯ ವಪೆ (ಎದೆ-ಹೊಟ್ಟೆಗಳ ನಡುವಿನ, ಉಸಿರೆಳೆಯುವ ಮುಖ್ಯ ಸ್ನಾಯು) ಸೋಲುತ್ತದೆ. ಇವೆಲ್ಲದರ ಮೇಲೆ ಸೀಳಿ ಕೂಡಿಸಿದ ಎದೆಮೂಳೆಯ ನೋವು: ರೋಗಿ ಮೇಲುಸಿರಲ್ಲೇ ಉಸಿರಾಡುತ್ತಾನೆ, ಕೆಮ್ಮನ್ನು ನುಂಗಿಕೊಳ್ಳುತ್ತಾನೆ, ಕಫ ಒಳಗೇ ನಿಲ್ಲುತ್ತದೆ. ಮೊದಲ ಕೆಲವು ದಿನ ಉಸಿರಿನ ಸಾಮರ್ಥ್ಯ ಮೊದಲಿದ್ದುದರ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಪೂರ್ತಿ ಮರಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಕೈಗೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರನ್ನು ಬಹಳ ಮಂದಿ ಊದುತ್ತಾರೆ. ಅದು ಊದುವ ಸಾಧನವಲ್ಲ, ಉಸಿರು ಎಳೆಯುವ ಸಾಧನ. ನೆಟ್ಟಗೆ ಕುಳಿತು, ಸಾಧನವನ್ನು ಓರೆಯಾಗಿಸದೆ ಹಿಡಿದು, ಸಹಜವಾಗಿ ಉಸಿರು ಬಿಡಬೇಕು. ನಳಿಕೆಯ ಸುತ್ತ ತುಟಿ ಬಿಗಿದು ನಿಧಾನವಾಗಿ, ಆಳವಾಗಿ ಎಳೆಯಬೇಕು. ಚೆಂಡುಗಳ ಮೇಲಿನ 600, 900, 1200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಂಬ ವೇಗವನ್ನು ಹೇಳುತ್ತವೆ. ಮೂರನ್ನೂ ಒಮ್ಮೆಗೇ ಚಿಮ್ಮಿಸಿದರೆ ಗಾಳಿ ತಳಕ್ಕೆ ಇಳಿಯುವುದಿಲ್ಲ. ಒಂದು ಚೆಂಡನ್ನೇ ಮೇಲೆ ನಿಲ್ಲಿಸಿಕೊಂಡು ಹೆಚ್ಚು ಹೊತ್ತು ಎಳೆಯುವುದು ಮೇಲು. ಕೊನೆಗೆ 3ರಿಂದ 5 ಸೆಕೆಂಡು ಉಸಿರು ಹಿಡಿದು ಬಿಡಬೇಕು. ಎಚ್ಚರವಿರುವಾಗ ಗಂಟೆಗೆ 10 ಬಾರಿ ಸಾಕು, ತಲೆ ಸುತ್ತಿದರೆ ನಡುವೆ ವಿರಾಮ ಕೊಡಿ.

ಆಮೇಲೆ ದಿಂಬನ್ನು ಎದೆಗೆ ಅವಚಿಕೊಂಡು, ಕನ್ನಡಿಗೆ ಹಬೆ ಹಿಡಿಸುವಂತೆ ಬಾಯಿ ತೆರೆದು ‘ಹಾ’ ಎಂದು ಉಸಿರು ತಳ್ಳಿ ಕೆಮ್ಮಬೇಕು. ಹೀಗೆ ಹಿಡಿದು ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆಂಬ ಭಯ ಬೇಡ. ವೈದ್ಯರು ಬರೆದ ನೋವಿನ ಮಾತ್ರೆಯನ್ನು ತಪ್ಪಿಸಬಾರದು. ನುಂಗಿ ಸುಮಾರು ಅರ್ಧ ಗಂಟೆ ಬಿಟ್ಟು ಅಭ್ಯಾಸ ಮಾಡಿದರೆ ಉಸಿರು ಆಳಕ್ಕೆ ಹೋಗುತ್ತದೆ. ಸ್ಪೈರೋಮೀಟರ್ ಒಂದನ್ನೇ ನಂಬಿ ಮಲಗಿಬಿಟ್ಟರೆ ಪ್ರಯೋಜನ ಕಡಿಮೆ. ಕುರ್ಚಿಯಲ್ಲಿ ಕೂರುವುದು, ಒಪ್ಪಿಗೆ ಸಿಕ್ಕ ಕೂಡಲೇ ನಡೆಯುವುದು ಅದಕ್ಕಿಂತಲೂ ಮುಖ್ಯ.

ಮನೆಗೆ ಹೋದ ಮೇಲೆ ಸುಧಾರಿಸಿದ್ದ ಉಸಿರು ಮೂರು-ನಾಲ್ಕು ವಾರಕ್ಕೆ ಮತ್ತೆ ಕಟ್ಟತೊಡಗಿದರೆ ಎದೆಯಲ್ಲಿ ನೀರು ಸೇರಿರಬಹುದು, ಎಕ್ಸ್‌ರೇ ಬೇಕು. ಮಲಗಿದಾಗ ಮಾತ್ರ ಉಸಿರು ಕಟ್ಟಿದರೆ ಹೃದಯದ ದೌರ್ಬಲ್ಯವನ್ನೂ ವಪೆಯ ಸೋಲನ್ನೂ ಎರಡನ್ನೂ ನೋಡಬೇಕು. ವಪೆಯ ಚಲನೆ ಅಲ್ಟ್ರಾಸೌಂಡ್‌ನಲ್ಲೇ ಕಾಣುತ್ತದೆ. ಜ್ವರದ ಜೊತೆ ಹಳದಿ-ಹಸಿರು ಕಫ ಬಂದರೆ ಅದೇ ದಿನ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಜೊತೆಗೆ ಒಂದು ಕಾಲು ಊದಿದ್ದರೆ, ಅದು ಶ್ವಾಸಕೋಶಕ್ಕೆ ಹೆಪ್ಪು ಹೋದ ಲಕ್ಷಣವಾಗಿರಬಹುದು. ಬೈಪಾಸ್‌ಗಾಗಿ ರಕ್ತನಾಳ ತೆಗೆದ ಕಾಲು ಸ್ವಲ್ಪ ಊದುವುದು ಸಾಮಾನ್ಯವೆಂದು ಮನೆಯಲ್ಲೇ ಕಾಯಬಾರದು.

ಮೊದಲೇ ದಿನ ಗೊತ್ತಾಗುವ ಆಪರೇಷನ್‌ಗಳಲ್ಲಿ ಸಮಯವಿರುತ್ತದೆ. ಬೀಡಿ, ಸಿಗರೇಟು ಅಂದೇ ನಿಲ್ಲಬೇಕು. 4 ವಾರಕ್ಕೂ ಹೆಚ್ಚು ಅಂತರ ಸಿಕ್ಕರೆ ಒಳ್ಳೆಯದು. ಮುಂಚಿತವಾಗಿ ಉಸಿರೆಳೆಯುವ ಸ್ನಾಯುಗಳಿಗೆ ತರಬೇತಿ ಕೊಟ್ಟರೆ ನ್ಯುಮೋನಿಯಾದಂಥ ತೊಡಕು ತಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆಸ್ಪತ್ರೆಗಳು ದಿನ ಗೊತ್ತುಮಾಡುವಾಗಲೇ ಫಿಸಿಯೋಥೆರಪಿಸ್ಟ್ ಬಳಿ ಕಳಿಸಲಿ. ರೋಗಿ ಎಷ್ಟು ಚೆಂಡನ್ನು ಎಷ್ಟು ಸೆಕೆಂಡು ನಿಲ್ಲಿಸುತ್ತಾನೆಂಬುದನ್ನು ಆಗಲೇ ಬರೆದಿಟ್ಟು, ಡಿಸ್ಚಾರ್ಜ್ ಚೀಟಿಯಲ್ಲೂ ನಮೂದಿಸಲಿ. ಮನೆಯವರಿಗೆ ತಲುಪಬೇಕಾದ ಗುರಿ ಎಷ್ಟೆಂಬುದು ಅದರಿಂದ ತಿಳಿಯುತ್ತದೆ.

– ಹೃದಯ ಪುನಶ್ಚೇತನ ವಿಭಾಗದ ಫಿಸಿಯೋಥೆರಪಿಸ್ಟ್‌ಗಳು