ಪುಣೆಯಲ್ಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನನಗೆ ಆಗಲೇ ಉತ್ತರ ಹೊಳೆಯಲಿಲ್ಲ. "ಅವ್ವಾ, ಭೂಕಂಪ, ಸುನಾಮಿ, ಮುಳುಗೋ ಹಡಗು, ಇಂಥ ಸಿನಿಮಾ ಬಂದರೆ ಮೊದಲ ದಿನಾನೇ ಓಡ್ತೀನಲ್ಲ, ಅಷ್ಟು ಜನ ಸಾಯೋದನ್ನ ನೋಡಿ ಖುಷಿ ಪಡೋದು ತಪ್ಪಲ್ವಾ?" ಅಂದೆ. ಅದರ ಹಿಂದೆಯೇ, ಈ ಡಿಸೆಂಬರಿನಲ್ಲಿ ಸವಾಯಿಗೆ, ಅಂದರೆ ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ, ಹೋಗುವುದಾಗಿಯೂ ಹೇಳಿದೆ. ಎರಡು ದಿನದಿಂದ ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ.

ಮೊದಲು ಸವಾಯಿ ವಿಷಯ. ಅದು ಪರ ಊರಿನ ಉತ್ಸವ ಅಂದುಕೊಳ್ಳಬೇಡ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಅವರ ಶಿಷ್ಯ ಭೀಮಸೇನ ಜೋಶಿಯವರು ಗದಗಿನವರು, ಹುಡುಗನಾಗಿದ್ದಾಗಲೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದವರು. ಗುರು ತೀರಿಕೊಂಡದ್ದು 1952ರಲ್ಲಿ. ಮರುವರ್ಷವೇ ಶಿಷ್ಯ ಪುಣೆಯಲ್ಲಿ ಅವರ ನೆನಪಿಗೆ ಈ ಸಂಗೀತ ಶುರು ಮಾಡಿದರು.

ನಾನು ಡಿಗ್ರಿ ಓದುವಾಗ ನಿನ್ನ ಅಜ್ಜ ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಆಗೆಲ್ಲ ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಬೇಕು ಅನ್ನೋದು ಇರಲಿಲ್ಲ. ಇಡೀ ರಾತ್ರಿ ಹಾಡು. ಶಾಲೆಯ ಮೈದಾನ, ಕೆಳಗೆ ಹಾಸಿದ ಜಮಖಾನ, ಚಳಿಗೆ ಒಂದೇ ಶಾಲಿನೊಳಗೆ ನಾವಿಬ್ಬರು. ಪಕ್ಕದ ಮರಾಠಿ ಅಜ್ಜಿ ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿದರು. ಕೊನೆಗೆ ಹಾಡುವವರು ಭೀಮಸೇನರು, ಅದು ಆಗ ಅಲ್ಲಿಯ ರೂಢಿ. ಅವರು ತಂಬೂರಿಗೆ ಷಡ್ಜ ಸೇರಿಸಿದಾಗ ಅಷ್ಟು ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ದೊಡ್ಡದೊಂದು ತಾನ್, ಅಂದರೆ ಸ್ವರಗಳ ವೇಗದ ಓಟ, ಸುತ್ತಿ ಸುತ್ತಿ ಬಂದು ತಾಳದ ಮೊದಲ ಪೆಟ್ಟಾದ ಸಮ್‌ಗೆ ಕೂತಾಗ ಇಡೀ ಮೈದಾನದ ತಲೆ ಒಟ್ಟಿಗೇ ಅಲ್ಲಾಡಿತು. ಅಷ್ಟರಲ್ಲಿ ಬೆಳಕು ಹರಿದಿತ್ತು. ಅಜ್ಜನ ಕಣ್ಣಲ್ಲಿ ನೀರು ಕಂಡದ್ದು ನಾನು ಆವತ್ತೇ ಮೊದಲು.

ಮನೆಯಲ್ಲಿ ರೇಡಿಯೋ ಹಾಕಿಕೊಂಡರೆ ಹಾಡು ಸಿಗುತ್ತದೆ, ಆ ಅಜ್ಜಿಯ ಚಹಾ ಸಿಗುವುದಿಲ್ಲ. ಸಿನಿಮಾವೂ ಹಾಗೇ ಅಲ್ವಾ? ದೊಡ್ಡ ಅಲೆ ಎದ್ದಾಗ ಗುರುತಿಲ್ಲದ ಮುನ್ನೂರು ಜನರ ಜೊತೆ ಉಸಿರು ಬಿಗಿ ಹಿಡಿಯೋದು ಫೋನಿನಲ್ಲಿ ನೋಡಿದರೆ ಎಲ್ಲಿ ಬರುತ್ತದೆ?

ಇನ್ನು ನಿನ್ನ ಪ್ರಶ್ನೆ. 2012ರ ಏಪ್ರಿಲ್ ನೆನಪಿದೆಯಾ? ಟೈಟಾನಿಕ್ ಮುಳುಗಿ ನೂರು ವರ್ಷ ಆಯಿತು ಅಂತ ಆ ಸಿನಿಮಾ ತ್ರೀಡಿಯಲ್ಲಿ ಮತ್ತೆ ಬಂದಿತ್ತು. ರಜೆಗೆ ಬೆಂಗಳೂರಿನ ಅತ್ತೆ ಮನೆಗೆ ಹೋದಾಗ ನಿನಗೆ ತೋರಿಸಿದೆ. ಅದಕ್ಕೆ ಇಪ್ಪತ್ತು ಕೋಟಿ ಡಾಲರ್ ಖರ್ಚಾಗಿತ್ತು. ಮೆಕ್ಸಿಕೋದ ಕಡಲ ತೀರದಲ್ಲಿ ಹೆಚ್ಚುಕಡಿಮೆ ನಿಜವಾದ ಅಳತೆಯ ಹಡಗನ್ನೇ ಕಟ್ಟಿದ್ದರು, ಅದೂ ಬಲಗಡೆಯದು ಮಾತ್ರ. ಬಂದರಿನ ದೃಶ್ಯಕ್ಕೆ ಎಡಗಡೆ ಬೇಕಾದಾಗ ಅಕ್ಷರಗಳನ್ನೆಲ್ಲ ಉಲ್ಟಾ ಬರೆದು, ಆಮೇಲೆ ಚಿತ್ರವನ್ನೇ ತಿರುಗಿಸಿದರು. ನಿನ್ನ ಅಪ್ಪ ಇದನ್ನು ಹೇಳಿದ ಮೇಲೆ ನೀನು ಒಂದು ವಾರ ನೋಟ್‌ಬುಕ್ಕಿನಲ್ಲಿ ಹೆಸರನ್ನು ಉಲ್ಟಾ ಬರೆದು ಕನ್ನಡಿಗೆ ಹಿಡಿದೆ. ನಿನ್ನ ಖುಷಿಯಲ್ಲಿ ಅರ್ಧ ಈ ಕೈಚಳಕದ್ದು. ಅದರಲ್ಲಿ ತಪ್ಪೇನಿದೆ?

ಉಳಿದರ್ಧ ಏನು ಅಂತ ನಾನು ಆವತ್ತು ಕತ್ತಲಲ್ಲಿ ನಿನ್ನ ಪಕ್ಕ ಕೂತು ನೋಡಿದ್ದೇನೆ. ಹಡಗು ಎರಡು ಹೋಳಾದಾಗ ನೀನು ಕಣ್ಣು ಬಿಟ್ಟುಕೊಂಡು ನೋಡಿದೆ. ಅತ್ತದ್ದು ಅದಕ್ಕೂ ಮೊದಲು. ವಾದ್ಯದವರು ಪರಸ್ಪರ ಬೀಳ್ಕೊಡುತ್ತಾರೆ, ಒಬ್ಬರು ಒಂಟಿಯಾಗಿ ಪಿಟೀಲು ಶುರು ಮಾಡುತ್ತಾರೆ, ಹೊರಟವರು ತಿರುಗಿ ಬರುತ್ತಾರೆ. ಅಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದೆ. ನಿಜವಾದ ಹಡಗಿನಲ್ಲೂ ವಾದ್ಯದವರು ಎಂಟು ಜನ ಇದ್ದರು. ವಾಲೇಸ್ ಹಾರ್ಟ್ಲಿ ಅವರ ಮುಖ್ಯಸ್ಥ. ಎಂಟರಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಕೊನೆಗೆ ಏನು ನುಡಿಸಿದರು ಅನ್ನೋದಕ್ಕೆ ಬದುಕಿದವರು ಬೇರೆ ಬೇರೆ ಮಾತು ಹೇಳಿದ್ದಾರೆ. ನುಡಿಸಿದ್ದಂತೂ ನಿಜ. ಅದೂ ಬಯಲಿನ ಸಂಗೀತವೇ ಪುಟ್ಟಿ, ನಕ್ಷತ್ರಗಳ ಕೆಳಗೆ.

ಊರಿಗೆ ಊರೇ ಕುಸಿಯುತ್ತದೆ, ಬಿದ್ದವರ ಮುಖವನ್ನೂ ತೋರಿಸುವುದಿಲ್ಲ, ಅಂಥ ಸಿನಿಮಾಗಳು ನನಗೂ ಹಿಡಿಸುವುದಿಲ್ಲ. ನೀನು ಹುಡುಕೋದು ಬೇರೆ. 2019ರ ಆಗಸ್ಟಿನಲ್ಲಿ ನಮ್ಮ ಕಡೆ ನೆರೆ ಬಂದಾಗ ಓಣಿಯ ಹೆಂಗಸರ ಜೊತೆ ಕೂತು ರಾತ್ರಿ ಒಂದು ಗಂಟೆವರೆಗೆ ರೊಟ್ಟಿ ಕಟ್ಟಿದವಳು ನೀನು. ಬೇರೆಯವರ ಕಷ್ಟ ನಿನಗೆ ತಮಾಷೆಯಾಗಿ ಕಾಣುತ್ತದೆ ಅಂತ ನಾನಂತೂ ಒಪ್ಪೋದಿಲ್ಲ. ಸುಮ್ನೆ ಕೊರಗಬೇಡ, ಹೋಗಿ ನೋಡು.

ಸವಾಯಿಗೆ ಕುರ್ಚಿ ಟಿಕೆಟ್ ಬೇಡ, ನೆಲದ ಮೇಲೆ ಕೂರುವ ಬೈಠಕ್‌ನಲ್ಲೇ ತೆಗಿ. ಸ್ಪೀಕರಿನ ಎದುರಿಗೇ ಕೂರಬೇಡ, ಕಿವಿಗೆ ಜಾಸ್ತಿ ಆಗುತ್ತದೆ. ಗೆಳತಿಯರು ಗದ್ದಲದಲ್ಲಿ ತಪ್ಪಿಹೋದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅಜ್ಜನ ಶಾಲನ್ನು ನಿನ್ನೆ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದೇನೆ. ಪಾರ್ಸಲ್ ಮಾಡೋದಿಲ್ಲ, ನಾನೇ ತರುತ್ತೇನೆ. ನನಗೂ ಒಂದು ಟಿಕೆಟ್ ತೆಗೆದಿಡು. ಶಾಲು ದೊಡ್ಡದಿದೆ, ಇಬ್ಬರಿಗೆ ಸಾಕು.

ನಿನ್ನ
ಅವ್ವ